ಸಾಲನ್ನು ನೋಡುವ ಕಣ್ಣು: ಪಾಸಿಂಗ್ ಔಟ್ ಪರೇಡ್‌ಗೆ ಹೊರಟವರಿಗೆ

ಡೆಹ್ರಾಡೂನ್‌ನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ವರ್ಷಕ್ಕೆರಡು ಸಲ, ಜೂನ್‌ನಲ್ಲೊಮ್ಮೆ ಡಿಸೆಂಬರ್‌ನಲ್ಲೊಮ್ಮೆ, ಪಾಸಿಂಗ್ ಔಟ್ ಪರೇಡ್ ನಡೆಯುತ್ತದೆ. ತರಬೇತಿ ಮುಗಿಸಿದ ಕೆಡೆಟ್‌ಗಳು ಆ ದಿನ ಸೇನೆಯ ಲೆಫ್ಟಿನೆಂಟ್‌ಗಳಾಗುತ್ತಾರೆ. ಅವರನ್ನು ನೋಡಲು ದೇಶದ ಮೂಲೆಮೂಲೆಯಿಂದ ಬರುವ ಕುಟುಂಬಗಳಲ್ಲಿ ನಮ್ಮ ಕಡೆಯವರೂ ಇರುತ್ತಾರೆ. ಕೊಡಗಿನವರು, ಹಾಸನದವರು, ವಿಜಯಪುರದ ಸೈನಿಕ ಶಾಲೆಯಲ್ಲೋ ಬೆಳಗಾವಿಯ ಮಿಲಿಟರಿ ಶಾಲೆಯಲ್ಲೋ ಮಗನನ್ನು ಬಿಟ್ಟು ಕಣ್ಣೊರೆಸಿಕೊಂಡು ಬಂದಿದ್ದ ತಂದೆತಾಯಿ, ಜೊತೆಗೊಬ್ಬರು ಅಜ್ಜಿ, ಕಾಲೇಜಿಗೆ ರಜೆ ಹಾಕಿ ಬಂದ ತಂಗಿ. ಬಹಳಷ್ಟು ಜನಕ್ಕೆ ಕಣ್ಣೆದುರು ನೋಡುವ ಮೊದಲ ಸೇನಾ ಪರೇಡ್ ಅದೇ. ಎರಡು ಮೂರು ಗಂಟೆಯ ಆ ಸಮಾರಂಭವನ್ನು ಹೆಚ್ಚಿನವರು ಒಂದೇ ಕೆಲಸದಲ್ಲಿ ಕಳೆದುಬಿಡುತ್ತಾರೆ: ನಮ್ಮ ಹುಡುಗ ಎಲ್ಲಿ ಎಂದು ಹುಡುಕುವುದರಲ್ಲಿ.

ಹುಡುಕಬೇಡಿ ಎಂಬುದು ನನ್ನ ಮೊದಲ ಸಲಹೆ. ಸಾವಿರಾರು ಮೈಲಿ ದಾಟಿ ಬಂದವರಿಗೆ ಇದು ಕಟುವಾಗಿ ಕೇಳಿಸಬಹುದು. ಆದರೆ ಪರೇಡನ್ನು ಕಟ್ಟಿರುವುದೇ ಒಬ್ಬನನ್ನು ಮತ್ತೊಬ್ಬನಿಂದ ಬೇರ್ಪಡಿಸಿ ನೋಡಲಾಗದಂತೆ. ಎತ್ತರ ನೋಡಿ ಸಾಲು ಹೊಂದಿಸಿರುತ್ತಾರೆ. ಎಲ್ಲರ ಗಲ್ಲವೂ ಒಂದೇ ಮಟ್ಟದಲ್ಲಿರುತ್ತದೆ, ಬೀಸುವ ಕೈ ಏರುವ ಎತ್ತರವೂ ಒಂದೇ. ನೂರಾರು ಯುವಕರು ತಿಂಗಳುಗಟ್ಟಲೆ ಬೆವರು ಸುರಿಸಿ ಗಳಿಸಿರುವುದು ಈ ಒಂದಾಗುವಿಕೆಯನ್ನು. ಅದನ್ನು ಬಿಟ್ಟು ಒಂದು ಮುಖಕ್ಕಾಗಿ ಮೊಬೈಲ್ ಕ್ಯಾಮೆರಾ ಹಿಗ್ಗಿಸುತ್ತ ಕೂತರೆ, ನಿಮ್ಮ ಹುಡುಗ ಮಾಡಿದ ಕೆಲಸವನ್ನೇ ನೋಡದೆ ಎದ್ದು ಬಂದಂತಾಗುತ್ತದೆ. ಅವನ ಮುಖ ನಿಮಗೆ ಸಿಗುವ ಹೊತ್ತು ಮುಂದಿದೆ. ಸಮಾರಂಭವೇ ಅದಕ್ಕೊಂದು ಜಾಗ ಇಟ್ಟಿದೆ. ಅಲ್ಲಿಯವರೆಗೆ ಸಾಲನ್ನು ನೋಡಿ.

ಸಾಲು ಹುಟ್ಟಿದ್ದು ಯುದ್ಧದಲ್ಲಿ. ಮಸ್ಕೆಟ್ ಕೋವಿಗಳ ಕಾಲದಲ್ಲಿ ಗುರಿಯನ್ನು ನಂಬುವಂತಿರಲಿಲ್ಲ, ಒಮ್ಮೆ ಹಾರಿಸಿದರೆ ಮತ್ತೆ ಮದ್ದು ತುಂಬಲು ಹೊತ್ತು ಹಿಡಿಯುತ್ತಿತ್ತು. ಹೆಗಲಿಗೆ ಹೆಗಲು ತಾಗಿಸಿ ನಿಂತವರು ಒಟ್ಟಿಗೆ ಹಾರಿಸಿದರೆ ಮಾತ್ರ ಅದರಿಂದ ಪ್ರಯೋಜನ. ಎದುರಿನಿಂದ ಗುಂಡು ಬರುವಾಗಲೂ ಚದುರದೆ ನಿಲ್ಲಲು, ಹೊಗೆಯೊಳಗೆ ಬರೀ ಆಜ್ಞೆಯ ದನಿ ಕೇಳಿ ತಿರುಗಲು ಯುರೋಪಿನ ಸೇನೆಗಳು ಕವಾಯತನ್ನು ರೂಢಿಗೆ ತಂದವು. ಮಷಿನ್ ಗನ್ ಬಂದ ಮೇಲೆ ಹಾಗೆ ಸಾಲುಗಟ್ಟಿ ನಿಂತವರಿಗೆ ಉಳಿಗಾಲವಿರಲಿಲ್ಲ. ರಣರಂಗ ಬಿಟ್ಟ ಕವಾಯತು ತರಬೇತಿಯ ಮೈದಾನದಲ್ಲಿ ಉಳಿದುಕೊಂಡಿತು. ಶಿಸ್ತಿಗಾಗಿ ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೇ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಬೇರೆ: ತಲೆ ತಿರುಗಿಸದೆ ಪಕ್ಕದವನನ್ನು ಸದಾ ಕಣ್ಣಂಚಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ. ನಾಳೆ ಇವರು ಬೆಟ್ಟದ ಇಳಿಜಾರಿನಲ್ಲಿ ಬೇರೆ ಬೇರೆ ಬಂಡೆಗಳ ಹಿಂದೆ ಮಲಗಿರುವಾಗಲೂ ಬೇಕಾಗುವುದು ಅದೇ.

ಕೂತಲ್ಲಿಂದ ಎದುರಿಗೆ ಕಾಣುವ, ಗಡಿಯಾರ ಗೋಪುರದ ಉದ್ದನೆಯ ಕಟ್ಟಡ ಚೆಟ್‌ವುಡ್ ಬಿಲ್ಡಿಂಗ್. ಅದರ ಮುಂದಿನ ವಿಶಾಲ ಅಂಗಳ ಡ್ರಿಲ್ ಸ್ಕ್ವೇರ್. ಅಕಾಡೆಮಿ 1932ರ ಅಕ್ಟೋಬರ್ 1ರಂದು 40 ಕೆಡೆಟ್‌ಗಳೊಂದಿಗೆ ಶುರುವಾಯಿತು. ಆಗ ಭಾರತದ ಸೇನೆಯ ಮುಖ್ಯಸ್ಥರಾಗಿದ್ದ ಸರ್ ಫಿಲಿಪ್ ಚೆಟ್‌ವುಡ್ ಅದೇ ಡಿಸೆಂಬರ್ 10ರಂದು ಉದ್ಘಾಟಿಸಿದರು. ಆ ಮೊದಲ ತಂಡದಲ್ಲಿದ್ದ ಸ್ಯಾಮ್ ಮಾಣೆಕ್‌ಷಾ ಮುಂದೆ ಭಾರತದ, ಮೊಹಮ್ಮದ್ ಮೂಸಾ ಪಾಕಿಸ್ತಾನದ, ಸ್ಮಿತ್ ಡನ್ ಬರ್ಮಾದ ಸೇನೆಯನ್ನು ಮುನ್ನಡೆಸಿದರು.

ಅದಕ್ಕೂ ಹಿಂದಿನ ಮಾತು ನಮಗೆ ಇನ್ನೂ ಹತ್ತಿರದ್ದು. ಶನಿವಾರಸಂತೆಯಲ್ಲಿ ಹುಟ್ಟಿದ ಕೆ.ಎಂ. ಕಾರ್ಯಪ್ಪನವರು 1919ರಲ್ಲಿ ಅಧಿಕಾರಿಯಾದದ್ದು ಇಂದೋರಿನ ಡೇಲಿ ಕೆಡೆಟ್ ಕಾಲೇಜಿನಿಂದ. ಮಡಿಕೇರಿಯ ಕೆ.ಎಸ್. ತಿಮ್ಮಯ್ಯನವರು 1926ರಲ್ಲಿ ಕಮಿಷನ್ ಪಡೆದದ್ದು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಿಂದ. ಅಲ್ಲಿ ಭಾರತೀಯರಿಗೆ ವರ್ಷಕ್ಕೆ ಬೆರಳೆಣಿಕೆಯ ಸ್ಥಾನಗಳಿದ್ದವು. ಕೊಡಗಿನ ಒಂದು ಮನೆಯವರು ಹಡಗು ಹತ್ತಿ ವಾರಗಟ್ಟಲೆ ಪಯಣಿಸಿ ಮಗನ ಪರೇಡ್ ನೋಡುವುದು ಸುಲಭದ ಮಾತಾಗಿರಲಿಲ್ಲ. ಅಮ್ಮ, ಅಪ್ಪ, ಅಜ್ಜಿ ಗ್ಯಾಲರಿಯಲ್ಲಿ ಕೂತು ನೋಡುವುದು ಸಾಧ್ಯವಾದದ್ದು ಅಕಾಡೆಮಿ ನಮ್ಮ ನೆಲಕ್ಕೆ ಬಂದ ಮೇಲೆ. ಈಗ ಅಲ್ಲಿನ ಕೆಡೆಟ್‌ಗಳ ನಾಲ್ಕು ಬೆಟಾಲಿಯನ್‌ಗಳಲ್ಲಿ ಒಂದರ ಹೆಸರು ಕಾರ್ಯಪ್ಪ, ಇನ್ನೊಂದರದು ತಿಮ್ಮಯ್ಯ. ಉಳಿದೆರಡು ಮಾಣೆಕ್‌ಷಾ ಮತ್ತು ಭಗತ್. ಬೆಟಾಲಿಯನ್ನಿನೊಳಗಿನ ಕಂಪನಿಗಳಿಗೆ ಕೊಹಿಮಾ, ಇಂಫಾಲ್, ನೌಶೇರಾ, ಜೊಜಿಲಾ, ಕಸಿನೊ ಎಂದು ಕದನ ನಡೆದ ಜಾಗಗಳ ಹೆಸರಿಟ್ಟಿದ್ದಾರೆ. ನಿಮ್ಮ ಹುಡುಗ ಯಾವ ಕಂಪನಿಯವನು ಎಂದು ಮೊದಲೇ ಕೇಳಿಟ್ಟುಕೊಳ್ಳಿ, ಆ ಜಾಗದಲ್ಲಿ ಏನಾಯಿತು ಎಂದು ರೈಲಿನಲ್ಲೇ ಒಂದಿಷ್ಟು ಓದಿಕೊಳ್ಳಿ. 1948ರ ನವೆಂಬರ್‌ನಲ್ಲಿ ಜೊಜಿಲಾ ಕಣಿವೆಯ ಎತ್ತರಕ್ಕೆ ಟ್ಯಾಂಕುಗಳನ್ನು ಏರಿಸಿ ಲಡಾಖಿನ ದಾರಿ ಬಿಡಿಸಿದವರು ಇದೇ ತಿಮ್ಮಯ್ಯನವರು ಎಂದು ತಿಳಿದು ಕೂತರೆ, ಜೊಜಿಲಾ ಕಂಪನಿ ಎದುರಿಗೆ ಸಾಗುವಾಗ ಕಾಣುವುದೇ ಬೇರೆ.

ಹೊರಡುವ ಮುನ್ನದ ಮಾತು ಸ್ವಲ್ಪವೇ ಇದೆ. ಡಿಸೆಂಬರ್‌ನ ದೂನ್ ಕಣಿವೆಯ ಬೆಳಗು ನಮ್ಮವರಿಗೆ ಅಭ್ಯಾಸವಿಲ್ಲದ ಚಳಿ. ರೇಷ್ಮೆ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡರೆ ಚೆಂದ ಕೆಡುತ್ತದೆಂದು ಬಿಟ್ಟು ಹೋಗಬೇಡಿ. ನಡುಗುತ್ತ ಕೂತವರಿಗೆ ಏನೂ ಕಾಣುವುದಿಲ್ಲ. ಜೂನ್‌ನಲ್ಲಾದರೆ ಬಿಸಿಲು. ಪಾಸ್ ಇಷ್ಟೇ ಎಂದು ಲೆಕ್ಕವಿರುತ್ತದೆ, ತಪಾಸಣೆ ಇರುತ್ತದೆ. ಕರೆಯೋಲೆಯ ಜೊತೆ ಬರುವ ಸೂಚನೆಗಳನ್ನು ಮನೆಯಲ್ಲೇ ಓದಿ. ವಯಸ್ಸಾದವರಿಗೆ ಬೆಳಗ್ಗೆ ಏನಾದರೂ ತಿನ್ನಿಸಿ ಕರೆದುಕೊಂಡು ಹೋಗಿ. ಒಂದೆರಡು ದಿನ ಮೊದಲೇ ತಲುಪಿದರೆ, ಮುನ್ನಾದಿನಗಳಲ್ಲಿ ಕೆಡೆಟ್‌ಗಳು ನಡೆಸಿಕೊಡುವ ಕುದುರೆ ಸವಾರಿ, ಜಿಮ್ನಾಸ್ಟಿಕ್ಸ್‌ಗಳ ಪ್ರದರ್ಶನವನ್ನೂ ನೋಡಬಹುದು.

ಇನ್ನು ಪರೇಡ್. ಶುರುವಿನಲ್ಲಿ ಕಣ್ಣಿಗಿಂತ ಕಿವಿಗೇ ಹೆಚ್ಚು ಕೆಲಸ. ಮೊದಲು ಬರುವವರು ಬೆರಳೆಣಿಕೆಯ ‘ದರ್ಶಕ್’ಗಳು. ಖಾಲಿ ಅಂಗಳದಲ್ಲಿ ತಮ್ಮ ತಮ್ಮ ಬಿಂದುವಿಗೆ ಹೋಗಿ ನಿಲ್ಲುತ್ತಾರೆ. ಇಡೀ ಪರೇಡ್ ಇವರನ್ನು ಹಿಡಿದು ಕೂಡಿಕೊಳ್ಳುತ್ತದೆ. ಆಮೇಲೆ ಬ್ಯಾಂಡ್ ನುಡಿದು ತುಕಡಿಗಳು ಒಳಬರುತ್ತವೆ. ಆಜ್ಞೆಗಳೆಲ್ಲ ಹಿಂದಿಯಲ್ಲಿ. ಸಾವಧಾನ್, ವಿಶ್ರಾಮ್, ತೇಜ್ ಚಲ್, ಧೀರೇ ಚಲ್, ಥಮ್, ದಾಹಿನೇ ದೇಖ್, ಸಲಾಮೀ ಶಸ್ತ್ರ: ಇಷ್ಟು ಗೊತ್ತಿದ್ದರೆ ಸಾಕು. ಪ್ರತಿ ಆಜ್ಞೆಯಲ್ಲೂ ಎರಡು ಭಾಗವಿರುವುದನ್ನು ಗಮನಿಸಿ. ‘ಸಲಾಮೀ’ ಎಂಬುದನ್ನು ಎಳೆದು ಹೇಳಿ, ತಡೆದು, ‘ಶಸ್ತ್ರ’ ಎಂದು ಹೊಡೆದಂತೆ ಮುಗಿಸುತ್ತಾರೆ. ಎಳೆತದಲ್ಲಿ ಸಾವಿರ ಮೈಗಳು ಸಿದ್ಧವಾಗುತ್ತವೆ, ಹೊಡೆತದಲ್ಲಿ ಒಟ್ಟಿಗೆ ಚಲಿಸುತ್ತವೆ. ನಡುವಿನ ಆ ಮೌನದ ಅಳತೆ ಪರೇಡ್ ನಡೆಸುವವನ ಕೈಯಲ್ಲಿದೆ. ಅವಸರಪಟ್ಟರೆ ಸಾಲು ಒಡೆಯುತ್ತದೆ. ಬಹಳ ತಡೆದರೆ ಯಾರೋ ಒಬ್ಬ ಮುಂಚೆಯೇ ಅಲುಗುತ್ತಾನೆ. ಇಷ್ಟೊಂದು ಗಂಡುದನಿಯಲ್ಲಿ ಅಂಗಳವನ್ನೆಲ್ಲ ಹಿಡಿದು ನಿಲ್ಲಿಸಿರುವವನು ಯಾರೋ ಹಿರಿಯ ಅಧಿಕಾರಿ ಎಂದುಕೊಳ್ಳಬೇಡಿ. ಕತ್ತಿ ಹಿಡಿದು ಮುಂದೆ ನಿಂತಿರುವ ಆತನೂ ಒಬ್ಬ ಕೆಡೆಟ್, ನಿಮ್ಮ ಹುಡುಗನ ವಾರಗೆಯವನೇ.

ಕೋವಿಯ ಚಲನೆಗಳಲ್ಲಿ ಕೈ ಅದಕ್ಕೆ ಬಡಿಯುವ ಸದ್ದನ್ನು, ಬೂಟಿನ ಹಿಮ್ಮಡಿ ನೆಲಕ್ಕೆ ಬೀಳುವ ಸದ್ದನ್ನು ಕೇಳಿ. ಒಂದೇ ಏಟಿನಂತೆ ಕೇಳಿಸಿದರೆ ಪರೇಡ್ ಕೂಡಿದೆ ಎಂದರ್ಥ. ಚೂರುಚೂರಾಗಿ ಕೇಳಿಸಿದರೆ ಎಲ್ಲೋ ಸಡಿಲವಾಗಿದೆ. ಒಂದು ಚಲನೆಗೂ ಮತ್ತೊಂದಕ್ಕೂ ನಡುವೆ ಎಲ್ಲರೂ ಒಂದೇ ಹೊತ್ತು ತಡೆಯುವುದು ಹೇಗೆ? ಕಲಿಯುವಾಗ ‘ಏಕ್, ದೋ ತೀನ್, ಏಕ್’ ಎಂದು ಗಂಟಲು ಹರಿಯುವಂತೆ ಕೂಗಿ ಕಲಿತಿರುತ್ತಾರೆ. ಪರೇಡಿನ ದಿನ ಆ ಎಣಿಕೆ ಒಳಗೇ ನಡೆಯುತ್ತದೆ. ಸಂಗೀತ ಕೇಳಿ ಬಲ್ಲವರಿಗೆ ಇದನ್ನು ಹಿಡಿಯುವುದು ಸುಲಭ. ತಾಳ ಹಾಕುವ ಕೈ ಕಾಣಿಸದಿದ್ದರೂ ಲಯ ನಿಂತಿರುತ್ತದೆ, ಎತ್ತುಗಡೆ ತಪ್ಪುವುದಿಲ್ಲ. ನಡಿಗೆಗೂ ಕಾಲಪ್ರಮಾಣವಿದೆ: ತೇಜ್ ಚಲ್‌ನಲ್ಲಿ ನಿಮಿಷಕ್ಕೆ ಸುಮಾರು 120 ಹೆಜ್ಜೆ, ಧೀರೇ ಚಲ್‌ನಲ್ಲಿ ಸುಮಾರು 70, ಒಂದು ಹೆಜ್ಜೆಗೆ 30 ಅಂಗುಲ. ಬ್ಯಾಂಡಿನ ದೊಡ್ಡ ಡೊಳ್ಳಿನ ಪೆಟ್ಟು ಎಡಗಾಲಿಗೆ ಬೀಳುತ್ತದೆ. ಒಂದು ನಿಮಿಷ ಬರೀ ಎಡಗಾಲುಗಳನ್ನೇ ನೋಡಿ, ಕಿವಿಯನ್ನು ಡೊಳ್ಳಿಗೆ ಕೊಡಿ.

ಹಾಗೆ ನೋಡುವಾಗ ಒಂದು ವಿಚಿತ್ರ ಕಾಣಿಸುತ್ತದೆ. ದೂರದ ತುಕಡಿಯ ಕಾಲು ನೆಲ ಮುಟ್ಟಿದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಅದು ಅವರ ತಪ್ಪಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 85 ಮೀಟರ್ ದಾಟಿ ನಿಮ್ಮ ಕಿವಿಗೆ ಬರಲು ಕಾಲು ಸೆಕೆಂಡು ಬೇಕು. ತೇಜ್ ಚಲ್‌ನಲ್ಲಿ ಒಂದು ಹೆಜ್ಜೆಗೆ ಹಿಡಿಯುವುದು ಅರ್ಧ ಸೆಕೆಂಡು. ಎಂದರೆ ಸದ್ದು ಅರ್ಧ ಹೆಜ್ಜೆ ಹಿಂದೆ ಬೀಳುತ್ತದೆ. ಈಗ ಇದನ್ನೇ ಕೆಡೆಟ್‌ನ ಕಡೆಯಿಂದ ಯೋಚಿಸಿ. ಬ್ಯಾಂಡಿನಿಂದ ಅಷ್ಟು ದೂರದಲ್ಲಿರುವವನು ಕಿವಿಯೊಂದನ್ನೇ ನಂಬಿ ಕಾಲಿಟ್ಟರೆ, ಹತ್ತಿರ ಇರುವವನಿಗಿಂತ ಅರ್ಧ ಹೆಜ್ಜೆ ಹಿಂದಾಗುತ್ತಾನೆ, ಸಾಲು ಅಲೆಯಂತೆ ಓಲಾಡುತ್ತದೆ. ಕಿವಿ ಹೇಳಿದ್ದನ್ನು ಕಣ್ಣಿನಿಂದ ತಿದ್ದಿಕೊಳ್ಳುತ್ತ, ಮುಂದಿನವನ ಹೆಗಲು ಪಕ್ಕದವನ ತೋಳು ಹಿಡಿದು ನಡೆಯಬೇಕು. ಅಲೆ ಏಳದೆ ಸಾಗಿದ ಒಂದು ತುಕಡಿಯ ಹಿಂದೆ ಎಷ್ಟು ಬೆಳಗುಗಳ ದುಡಿಮೆ ಇರುತ್ತದೆಂದು ಅಂದಾಜು ಮಾಡಿಕೊಳ್ಳಿ.

ಸಾಲಿನ ಚೆಲುವನ್ನು ಎದುರಿನಿಂದ ಅಳೆಯಲಾಗದು. ತುಕಡಿ ನಿಮ್ಮ ಮುಂದೆ ದಾಟುವ ಕ್ಷಣದಲ್ಲಿ, ಒಂದು ಸಾಲು ಪೂರ್ತಿ ಒಬ್ಬನೇ ವ್ಯಕ್ತಿಯ ಹಿಂದೆ ಅಡಗುತ್ತದೆಯೇ ನೋಡಿ. ಅಡಗಿದರೆ ಆ ಸಾಲು ನೇರ. ತುಕಡಿ ತಿರುಗುವಾಗ ಹೊರಗಿನ ಅಂಚಿನವನನ್ನೂ ಒಳಗಿನ ಅಂಚಿನವನನ್ನೂ ಒಟ್ಟಿಗೆ ನೋಡಿ. ಒಳಗಿನವನು ಹೆಜ್ಜೆಯನ್ನು ಮೊಟಕುಮಾಡಿ ಬಹುಪಾಲು ನಿಂತಲ್ಲೇ ಕಾಲಾಡಿಸುತ್ತಿರುತ್ತಾನೆ, ಹೊರಗಿನವನು ಉದ್ದುದ್ದ ಹೆಜ್ಜೆ ಹಾಕುತ್ತಿರುತ್ತಾನೆ. ಲಯ ಮಾತ್ರ ಇಬ್ಬರದೂ ಒಂದೇ. ವೇದಿಕೆಯ ಮುಂದೆ ಬಂದಾಗ ‘ದಾಹಿನೇ ದೇಖ್’ ಎಂದೊಡನೆ ಎಲ್ಲರ ತಲೆಯೂ ಬಲಕ್ಕೆ ಹೊರಳುತ್ತದೆ, ಬಲಗಡೆಯ ಅಂಚಿನವರದ್ದು ಬಿಟ್ಟು. ಅವರು ನೇರ ಮುಂದಕ್ಕೇ ನೋಡುತ್ತಾರೆ. ಅಷ್ಟೂ ಜನ ಗೌರವಕ್ಕೆ ಕಣ್ಣು ತಿರುಗಿಸಿದಾಗ ದಾರಿ ನೋಡಲು ಯಾರಾದರೂ ಇರಬೇಕಲ್ಲ. ಇಡೀ ಪರೇಡಿನಲ್ಲಿ ನನಗೆ ತೀರಾ ಪ್ರಿಯವಾದ ವಿವರ ಇದು. ಸಲಾಮು ಪಡೆಯುವವರ ಕಡೆ ನೋಡುವ ಭಾಗ್ಯವಿಲ್ಲದ ಆ ಕೆಲವರನ್ನು ಪ್ರತಿ ತುಕಡಿಯಲ್ಲೂ ಹುಡುಕಿ ನೋಡಿ.

ನನ್ನ ಅಕ್ಕನ ಮಗನ ಪರೇಡ್‌ಗೆ ನಮ್ಮಮ್ಮನನ್ನೂ ಕರೆದುಕೊಂಡು ಹೋಗಿದ್ದೆವು. ಅಮ್ಮ ಬಹಳ ಹೊತ್ತು ಕಣ್ಣು ಕಿರಿದು ಮಾಡಿಕೊಂಡು ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ, “ಎಲ್ರೂ ನಮ್ಮ ಹುಡುಗನ ಥರಾನೇ ಕಾಣ್ತಾರಲ್ಲೇ,” ಎಂದರು. “ಹಾಗೇ ಕಾಣಬೇಕಂತಮ್ಮ,” ಎಂದೆ. “ಹಂಗಾದ್ರೆ ಸರಿ,” ಎಂದವರು ಆಮೇಲೆ ಮೊಮ್ಮಗನನ್ನು ಹುಡುಕುವುದು ಬಿಟ್ಟು, ಸಾಗಿದ ಪ್ರತಿ ತುಕಡಿಗೂ ಚಪ್ಪಾಳೆ ಹೊಡೆದರು.

ಧೀರೇ ಚಲ್ ಶುರುವಾದಾಗ ಹೊಸಬರು ಸಾಮಾನ್ಯವಾಗಿ ಮಾತಿಗೆ ತೊಡಗುತ್ತಾರೆ. ವೇಗ ಇಳಿದದ್ದೇ ಆಸಕ್ತಿಯೂ ಇಳಿಯುತ್ತದೆ. ಅಲ್ಲೇ ಕಿವಿ ಕಣ್ಣು ಚುರುಕಾಗಬೇಕು. ವೇಗದ ನಡಿಗೆ ತನ್ನ ಓಟದಲ್ಲೇ ಚಿಕ್ಕಪುಟ್ಟ ತಪ್ಪುಗಳನ್ನು ಮುಚ್ಚುತ್ತದೆ. ವಿಳಂಬ ಕಾಲದಲ್ಲಿ ಮುಚ್ಚಿಡಲು ಏನೂ ಉಳಿಯುವುದಿಲ್ಲ. ಒಂದು ಕಾಲಿನ ಮೇಲೆ ಇಡೀ ಮೈ ನಿಂತಿದೆ, ಇನ್ನೊಂದು ಕಾಲು ತುದಿ ಚಾಚಿ ಗಾಳಿಯಲ್ಲಿದೆ, ತೋಳು ಅಲುಗುವಂತಿಲ್ಲ, ತಲೆ ಏರಿಳಿಯುವಂತಿಲ್ಲ. ಹಿರಿಯ ಗಾಯಕರು ಚೌಕ ಕಾಲದಲ್ಲಿ ಹಾಡುವಾಗ ಉಸಿರು ಹಿಡಿದು ಕೇಳುತ್ತೀರಲ್ಲ, ಇದಕ್ಕೂ ಅಷ್ಟು ಮರ್ಯಾದೆ ಸಲ್ಲಬೇಕು.

ಅಕಾಡೆಮಿಯ ಧ್ವಜ ‘ನಿಶಾನ್’ ಅಂಗಳಕ್ಕೆ ಬರುವಾಗ, ಮತ್ತೆ ಹೊರಗೆ ಹೋಗುವಾಗ ಎಲ್ಲರೂ ಎದ್ದು ನಿಲ್ಲಬೇಕು, ಧ್ವನಿವರ್ಧಕದಲ್ಲಿ ಹೇಳುತ್ತಾರೆ. 1962ರ ಡಿಸೆಂಬರ್ 10ರಂದು ರಾಷ್ಟ್ರಪತಿ ಎಸ್. ರಾಧಾಕೃಷ್ಣನ್ ಅಕಾಡೆಮಿಗೆ ಧ್ವಜ ಪ್ರದಾನ ಮಾಡಿದರು. ಚೀನಾದೊಂದಿಗಿನ ಯುದ್ಧದ ಬಂದೂಕುಗಳು ಸುಮ್ಮನಾಗಿ ಆಗಿನ್ನೂ ಒಂದು ತಿಂಗಳೂ ಆಗಿರಲಿಲ್ಲ. ಮೊಣಕಾಲು ನೋವಿನ ಹಿರಿಯರನ್ನು ತೋಳು ಹಿಡಿದಾದರೂ ಎಬ್ಬಿಸಿ ನಿಲ್ಲಿಸಿ. ಆ ಎರಡು ನಿಮಿಷ ಅವರಿಗೂ ಬೇಕಾದದ್ದೇ.

ಮೊದಲು ಉಪ ಕಮಾಂಡೆಂಟ್, ನಂತರ ಕಮಾಂಡೆಂಟ್, ಕೊನೆಗೆ ಪರೇಡ್ ಪರಿಶೀಲಿಸುವ ಮುಖ್ಯ ಅತಿಥಿ ಬರುತ್ತಾರೆ, ಒಬ್ಬೊಬ್ಬರಿಗೂ ಸಲಾಮು. ಪರಿಶೀಲನೆ, ಬಹುಮಾನ, ಭಾಷಣ ಇವಕ್ಕೆ ನನ್ನ ವಿವರಣೆ ಬೇಕಿಲ್ಲ. ಸರ್ವಾಂಗೀಣವಾಗಿ ಶ್ರೇಷ್ಠನಾದವನಿಗೆ ‘ಸ್ವೋರ್ಡ್ ಆಫ್ ಆನರ್’, ಅರ್ಹತಾ ಪಟ್ಟಿಯಲ್ಲಿ ಮೊದಲಿಗನಿಗೆ ಚಿನ್ನದ ಪದಕ ಎಂದು ತಿಳಿದಿದ್ದರೆ ಸಾಕು. ಬಹುಮಾನ ಬಾರದ ಮನೆಯವರು ಮುಖ ಸಣ್ಣ ಮಾಡಿಕೊಳ್ಳುವುದನ್ನು ನೋಡಿದ್ದೇನೆ, ನನಗೆ ಅದು ನೋವಿನ ನೋಟ. ಅಂಗಳದಲ್ಲಿ ನಿಂತವರೆಲ್ಲರ ಹೆಗಲಿಗೂ ಆ ದಿನ ಬರುವ ನಕ್ಷತ್ರಗಳು ಎರಡೆರಡೇ.

ಬಹಳ ಹೊತ್ತು ಅಲುಗಾಡದೆ ನಿಂತವರಲ್ಲಿ ಯಾರಾದರೂ ಒಬ್ಬ ಬವಳಿ ಬಂದು ಬೀಳಬಹುದು. ಗಾಬರಿಯಾಗಬೇಡಿ. ಕಾಲಿನ ರಕ್ತ ಮೇಲೇರಲು ಸ್ನಾಯುಗಳು ಆಡುತ್ತಿರಬೇಕು. ಅದಕ್ಕೇ ಬೂಟಿನೊಳಗೆ ಬೆರಳು ಆಡಿಸುತ್ತಿರಿ ಎಂದು ಕೆಡೆಟ್‌ಗಳಿಗೆ ಹೇಳಿಕೊಟ್ಟಿರುತ್ತಾರೆ. ಬಿದ್ದವನನ್ನು ಸದ್ದಿಲ್ಲದೆ ಕರೆದೊಯ್ದು ನೋಡಿಕೊಳ್ಳುತ್ತಾರೆ. ಪಕ್ಕದವರು ತಿರುಗಿಯೂ ನೋಡಲಿಲ್ಲವಲ್ಲ ಎಂದು ನೊಂದುಕೊಳ್ಳಬೇಡಿ. ನೋಡಲಾಗದೆ ನಿಂತಿರುವ ಅವರ ಸಂಕಟವೂ ಅಲ್ಲಿದೆ.

ನಡುನಡುವೆ ಗ್ಯಾಲರಿಯನ್ನೂ ನೋಡಿ, ಅದೂ ಈ ಸಮಾರಂಭದ ಭಾಗ. ಖಡಕ್‌ವಾಸ್ಲಾದ ನ್ಯಾಷನಲ್ ಡಿಫೆನ್ಸ್ ಅಕಾಡೆಮಿಯಲ್ಲಿ ಮೂರು ವರ್ಷ ಕಳೆದು ಬಂದ ಹುಡುಗರ ಮನೆಯವರಿರುತ್ತಾರೆ, ಪದವಿ ಮುಗಿಸಿ ನೇರ ಸೇರಿದವರ ಮನೆಯವರಿರುತ್ತಾರೆ. ಭೂತಾನ್, ನೇಪಾಳ, ಶ್ರೀಲಂಕಾದಂಥ ಮಿತ್ರದೇಶಗಳ ಕೆಡೆಟ್‌ಗಳೂ ಅದೇ ಸಾಲುಗಳಲ್ಲಿ ನಡೆಯುತ್ತಾರೆ. ಆರ್ಮಿ ಕೆಡೆಟ್ ಕಾಲೇಜಿನ ದಾರಿಯಲ್ಲಿ ಬಂದವರದು ಇನ್ನೊಂದು ಕಥೆ. ಅವರು ಈಗಾಗಲೇ ಸಿಪಾಯಿಗಳಾಗಿ ದುಡಿದವರು. ಆಯ್ಕೆಯಾಗಿ, ಮೂರು ವರ್ಷ ಓದಿ, ಆಮೇಲೆ ಅಕಾಡೆಮಿಯ ಒಂದು ವರ್ಷ ಮುಗಿಸಿರುತ್ತಾರೆ. ಅಂಥವರ ಪರೇಡ್ ನೋಡಲು ಕೆಲವೊಮ್ಮೆ ಹೆಂಡತಿ, ಕಂಕುಳ ಕೂಸು ಕೂಡ ಬಂದಿರುತ್ತದೆ. ಪಕ್ಕದ ಕುರ್ಚಿಯವರನ್ನು ಮಾತನಾಡಿಸಿ. ಯಾವ ಊರು, ಯಾವ ದಾರಿಯಲ್ಲಿ ಬಂದವನು ಎಂದು ಕೇಳಿ. ನಿಮ್ಮ ಹುಡುಗನ ಪಕ್ಕ ನಡೆಯುತ್ತಿರುವವನು ಅವರ ಮಗನಿರಬಹುದು.

ಕೊನೆಗೆ ಅಂತಿಮ ಪಗ್. ಚೆಟ್‌ವುಡ್ ಬಿಲ್ಡಿಂಗಿನ ಮೆಟ್ಟಿಲುಗಳ ಮುಂದೆ ನೆಲದಲ್ಲಿ ಗುರುತು ಮಾಡಿದ ಒಂದು ಜಾಗ. ತರಬೇತಿ ಮುಗಿಸಿದವರು ಧೀರೇ ಚಲ್‌ನಲ್ಲಿ ಅದನ್ನು ದಾಟಿ, ಮೆಟ್ಟಿಲೇರಿ, ಕಟ್ಟಡದೊಳಗೆ ಸಾಗುತ್ತಾರೆ. ಜೂನಿಯರ್‌ಗಳು ಅಂಗಳದಲ್ಲೇ ಉಳಿಯುತ್ತಾರೆ. ಸ್ಕಾಟ್ಲೆಂಡಿನ ಹಳೆಯ ಬೀಳ್ಕೊಡುಗೆ ಗೀತೆ ‘ಆಲ್ಡ್ ಲ್ಯಾಂಗ್ ಸೈನ್’ನ ಧಾಟಿಯನ್ನು ಬ್ಯಾಂಡ್ ನುಡಿಸುತ್ತದೆ, ಮೇಲಿನಿಂದ ಹೆಲಿಕಾಪ್ಟರ್‌ಗಳು ಹೂವಿನ ಎಸಳು ಸುರಿಸುತ್ತವೆ. ಎಲ್ಲರ ಕ್ಯಾಮೆರಾವೂ ಹೆಲಿಕಾಪ್ಟರ್ ಕಡೆಗೆ ತಿರುಗುವ ಹೊತ್ತು ಅದು. ನೀವು ಮೆಟ್ಟಿಲನ್ನೇ ನೋಡಿ. ಸಮತಟ್ಟು ನೆಲದ ಮೇಲೆ ಕಲಿತ ವಿಳಂಬದ ನಡಿಗೆಯಲ್ಲಿ, ಕೆಳಗೆ ಬಗ್ಗಿ ನೋಡದೆ, ಸಾಲು ಕೆಡದೆ ಮೆಟ್ಟಿಲು ಹತ್ತುವುದು ಆ ದಿನದ ಅತಿ ಕಷ್ಟದ ಚಲನೆ. ಒಳಗೆ ಗೋಡೆಯಲ್ಲಿ, 1932ರ ಉದ್ಘಾಟನಾ ಭಾಷಣದಿಂದ ಆಯ್ದ ಚೆಟ್‌ವುಡ್‌ರ ಮಾತು ಕೆತ್ತಿದೆ. ದೇಶದ ಕ್ಷೇಮ ಎಲ್ಲಕ್ಕೂ ಮೊದಲು, ನಿನ್ನ ಕೈಕೆಳಗಿನ ಸೈನಿಕರ ಕ್ಷೇಮ ಅದರ ನಂತರ, ನಿನ್ನದು ಎಲ್ಲಕ್ಕೂ ಕೊನೆಗೆ, ಪ್ರತಿ ಸಲವೂ ಎಂಬುದು ಅದರ ಸಾರ. ಹೇಳಿದವರು ವಸಾಹತು ಸರಕಾರದ ದಂಡನಾಯಕರು. ಸ್ವತಂತ್ರ ಭಾರತದ ಅಧಿಕಾರಿಗಳು ಅದನ್ನು ತಮ್ಮದೇ ಮಾಡಿಕೊಂಡು, ತಮ್ಮ ಪ್ರಾಣಗಳಿಂದ ಅದಕ್ಕೆ ಬೆಲೆ ತಂದರು. ಅಕಾಡೆಮಿಯ ಯುದ್ಧ ಸ್ಮಾರಕದಲ್ಲಿ ಇಲ್ಲಿ ಕಲಿತು ಹೋಗಿ ಮಡಿದವರ ಹೆಸರುಗಳಿವೆ. ಸಾಧ್ಯವಾದರೆ ಪರೇಡಿನ ಹಿಂದಿನ ದಿನವೇ ಮನೆಮಂದಿಯೆಲ್ಲ ಹೋಗಿ ಅವನ್ನು ಓದಿ ಬನ್ನಿ. ಹಬ್ಬದ ಹೊತ್ತಿನಲ್ಲಿ ಅಪಶಕುನ ಎಂದು ಹಿಂಜರಿಯಬೇಡಿ. ನಿಮ್ಮ ಹುಡುಗ ಆ ಹೆಸರುಗಳನ್ನು ದಿನವೂ ದಾಟಿ ಓಡಾಡಿದ್ದಾನೆ.

ಈಗ ನಿಮ್ಮ ಸರದಿ. ಹುಲ್ಲುಹಾಸಿನ ಮೇಲೆ ಕುಟುಂಬಗಳೂ ಹೊಸ ಅಧಿಕಾರಿಗಳೂ ಕೂಡುವ ಪಿಪ್ಪಿಂಗ್ ಸಮಾರಂಭದಲ್ಲಿ, ಹೆಗಲ ಪಟ್ಟಿಯ ಮೇಲೆ ನಕ್ಷತ್ರ ತೊಡಿಸುವವರು ಮನೆಯವರು. ಒಂದು ಹೆಗಲಿಗೆ ಅಮ್ಮ, ಒಂದಕ್ಕೆ ಅಪ್ಪ. ಅಪ್ಪ ಇಲ್ಲದ ಮನೆಗಳಲ್ಲಿ ಅಜ್ಜನೋ ಅಕ್ಕನೋ. ಸಾಲಿನಲ್ಲಿ ಕಾಣದೆ ಹೋಗಿದ್ದ ಮುಖ ಈಗ ಒಂದು ಮೊಳ ದೂರದಲ್ಲಿದೆ. ಅವನ ಎತ್ತರಕ್ಕೆ ಅಮ್ಮನ ಕೈ ನಿಲುಕದಿದ್ದರೆ ಅವನು ಮೊಣಕಾಲು ಸ್ವಲ್ಪ ಬಾಗಿಸಿಕೊಡುತ್ತಾನೆ. ಬೆಳಗಿನಿಂದ ಕಡ್ಡಿಯಂತೆ ನಿಂತಿದ್ದ ಮೈ ಮೊದಲು ಸಡಿಲವಾಗುವುದು ಅಲ್ಲೇ. ಯಾರು ಯಾವ ಹೆಗಲಿಗೆ ಎಂದು ಹೋಟೆಲ್ ಕೋಣೆಯಲ್ಲೇ ಮಾತಾಡಿಕೊಂಡಿರಿ. ಫೋಟೊ ತೆಗೆಯುವ ಹೊಣೆ ಒಬ್ಬರಿಗೇ ಇರಲಿ. ನಮ್ಮಕ್ಕ ಮನೆಯ ಗಟ್ಟಿಗಿತ್ತಿ, ಅಷ್ಟು ವರ್ಷ ಮಗನನ್ನು ದೂರ ಬಿಟ್ಟೂ ಒಮ್ಮೆಯೂ ನಮ್ಮೆದುರು ಅತ್ತವಳಲ್ಲ. ನಕ್ಷತ್ರ ಹಿಡಿದ ಅವಳ ಕೈ ನಡುಗಿತು. ಭಾವ ಏನೂ ಹೇಳದೆ ಅವಳ ಮೊಣಕೈಗೆ ತಮ್ಮ ಅಂಗೈ ಆನಿಸಿ ನಿಂತರು.

ಆಮೇಲೆ ಬರುವ ಶಪಥವನ್ನು ದಯವಿಟ್ಟು ಗಮನವಿಟ್ಟು ಕೇಳಿ. ಅಪ್ಪುಗೆ, ಫೋಟೊ, ಊರಿಗೆ ಫೋನು ಇವುಗಳ ಗದ್ದಲದಲ್ಲಿ ಅದು ತೇಲಿಹೋಗುತ್ತದೆ. ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ, ನೆಲ ಜಲ ಆಕಾಶ ಯಾವ ಮಾರ್ಗದಲ್ಲಿ ಎಲ್ಲಿಗೆ ಕಳಿಸಿದರೂ ಹೋಗುತ್ತೇನೆ, ಪ್ರಾಣಕ್ಕೆ ಅಪಾಯವಿದ್ದರೂ ಆಜ್ಞೆ ಪಾಲಿಸುತ್ತೇನೆ ಎಂಬರ್ಥದ ಮಾತುಗಳನ್ನು ನಿಮ್ಮ ಮಗ ನಿಮ್ಮೆದುರು ಕೈಯೆತ್ತಿ ಹೇಳುತ್ತಿರುತ್ತಾನೆ. ಬೆಳಗಿನಿಂದ ನೋಡಿದ ಅಷ್ಟೂ ಹೆಜ್ಜೆಗಳು ಕರೆತಂದದ್ದು ಈ ಮಾತಿಗೆ. ಮೊಬೈಲ್ ಚೀಲದೊಳಗಿಡಿ.

ಹೊರಡುವ ಮುನ್ನ ಇನ್ನೊಂದು ಕೆಲಸವಿದೆ. ‘ನಿನ್ನ ಡ್ರಿಲ್ ಉಸ್ತಾದರು ಯಾರು, ತೋರಿಸು’ ಎಂದು ಹುಡುಗನನ್ನು ಕೇಳಿ. ಕೆಡೆಟ್‌ಗಳನ್ನು ತಿದ್ದಿದವರು, ಬೈದವರು, ರಗಡಾ ಎಂಬ ಶಿಕ್ಷೆಯ ಕಸರತ್ತು ಕೊಟ್ಟವರು, ಸಾಲಿನಲ್ಲಿ ಅರ್ಧ ಅಂಗುಲದ ತಪ್ಪನ್ನೂ ದೂರದಿಂದಲೇ ಹಿಡಿದವರು ಇವರು. ಹುದ್ದೆಯಲ್ಲಿ ಹವಾಲ್ದಾರ್, ಸುಬೇದಾರ್. ನಿನ್ನೆಯವರೆಗೆ ಗದರಿಸುತ್ತಿದ್ದ ಕೆಡೆಟ್‌ಗೆ ಅದೇ ಬೆಳಗ್ಗೆ ಅವರು ಎದೆಯುಬ್ಬಿಸಿ ಸಲ್ಯೂಟ್ ಹೊಡೆಯುತ್ತಾರೆ. ಹೊಸ ಲೆಫ್ಟಿನೆಂಟ್ ಅದನ್ನು ಸ್ವೀಕರಿಸುವಾಗಿನ ಸಂಕೋಚವನ್ನೂ ಉಸ್ತಾದರ ಮುಖದ ಹೆಮ್ಮೆಯನ್ನೂ ಒಟ್ಟಿಗೆ ನೋಡಲು ಸಿಗುವುದು ನಿಮಗೊಂದು ಲಾಭ. ಹಿಂದಿ ಬಾರದಿದ್ದರೂ ಚಿಂತೆಯಿಲ್ಲ, ಕೈ ಮುಗಿಯಿರಿ. ಊರಿಂದ ಮೈಸೂರು ಪಾಕೋ ಕುಂದವೋ ತಂದಿದ್ದರೆ ಮೊದಲ ತುಂಡು ಅವರಿಗೆ ಸಲ್ಲಲಿ.

ಡೆಹ್ರಾಡೂನ್ ಒಂದೇ ಅಲ್ಲ. ಚೆನ್ನೈನ ಪರಂಗಿಮಲೆಯ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ ನಮಗೆ ಹತ್ತಿರ; 1992ರಿಂದ ಅಲ್ಲಿ ಹೆಣ್ಣುಮಕ್ಕಳೂ ತರಬೇತಿ ಪಡೆಯುತ್ತಿದ್ದಾರೆ. ಅಲ್ಲಿನ ಅಂಗಳಕ್ಕೆ, ಶ್ರೀಲಂಕಾದಲ್ಲಿ 1987ರಲ್ಲಿ ಮಡಿದು ಪರಮವೀರ ಚಕ್ರ ಪಡೆದ ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರ ಹೆಸರಿದೆ. ಖಡಕ್‌ವಾಸ್ಲಾದಲ್ಲಿ ವರ್ಷಕ್ಕೆರಡು ಪರೇಡ್, 2025ರ ಮೇ ತಿಂಗಳಲ್ಲಿ ಅಲ್ಲಿಂದ ಮೊದಲ ಬಾರಿಗೆ 17 ಹೆಣ್ಣುಮಕ್ಕಳು ಹೊರಬಂದರು. ಒಮ್ಮೆ ರುಚಿ ಹತ್ತಿದ ಮೇಲೆ ಇವುಗಳ ನೇರ ಪ್ರಸಾರವನ್ನು ಮನೆಯಲ್ಲೇ ಕೂತು ನೋಡಿದರೂ ಕಣ್ಣು ತಾನಾಗಿ ಬಲಗಡೆಯ ಅಂಚಿನವನ ಕಡೆ ಹೋಗುತ್ತದೆ.

ಆದರೆ ಈ ಕಲೆಯ ಅರ್ಧ ಭಾಗ ನಮ್ಮ ರಾಜ್ಯದಲ್ಲೇ ಇದೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಲ್ಲಿ, ಬೆಂಗಳೂರಿನ ಹಲಸೂರು ಕೆರೆಯ ಬಳಿಯ ಮದ್ರಾಸ್ ಸ್ಯಾಪರ್ಸ್ ಕೇಂದ್ರದಲ್ಲಿ ತರಬೇತಿ ಮುಗಿಸಿದ ಯುವ ಸೈನಿಕರು ಕಸಮ್ ಪರೇಡ್‌ನಲ್ಲಿ ಪ್ರತಿಜ್ಞೆ ತೆಗೆದುಕೊಳ್ಳುತ್ತಾರೆ. ಹೆಲಿಕಾಪ್ಟರ್ ಇಲ್ಲ, ದೇಶದ ಕ್ಯಾಮೆರಾಗಳಿಲ್ಲ. ಹೊಲದ ಕೆಲಸ ಬಿಟ್ಟು ರಾತ್ರಿ ಬಸ್ಸಿನಲ್ಲಿ ಬಂದ ಅಪ್ಪ, ಇಳಕಲ್ ಸೀರೆಯ ಅಮ್ಮ ಕೂತಿರುತ್ತಾರೆ. ಹೆಜ್ಜೆ ಅದೇ 30 ಅಂಗುಲದ್ದು. ಡೆಹ್ರಾಡೂನ್‌ನಲ್ಲಿ ಮೆಟ್ಟಿಲು ಹತ್ತಿಹೋದ ಲೆಫ್ಟಿನೆಂಟ್ ಮುನ್ನಡೆಸಬೇಕಾದವರು, ಅವನು ಯಾರ ಕ್ಷೇಮವನ್ನು ತನ್ನ ಕ್ಷೇಮಕ್ಕಿಂತ ಮುಂದಿಡಬೇಕೋ ಆ ಸೈನಿಕರು ತಯಾರಾಗುವುದು ಇಂಥ ಅಂಗಳಗಳಲ್ಲಿ. ನಿಮ್ಮ ಓಣಿಯ, ನಿಮ್ಮ ಊರಿನ ಹುಡುಗನೊಬ್ಬ ಅಲ್ಲಿ ಪ್ರತಿಜ್ಞೆ ತೆಗೆದುಕೊಳ್ಳುತ್ತಿದ್ದಾನೆ ಎಂದು ಗೊತ್ತಾದರೆ ಅವನ ಮನೆಯವರ ಜೊತೆ ಹೋಗಿ. ಅಪ್ಪ ಅಮ್ಮನಿಗೆ ಏನು ನೋಡಬೇಕೆಂದು ಪಕ್ಕದಲ್ಲಿ ಕೂತು ಹೇಳಿಕೊಡಿ.